ಸುಲಭದ ಹತ್ತು ಹಾಡು

ಕಾರ್ಖಾನೆಯ ಹಾಜರಿ ಯಂತ್ರದ ಮುಂದೆ ಸಾಲು ಕದಲುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ನಾಲ್ಕನೇ ಸಲ ಎಡಗೈ ಬೆರಳೊತ್ತಿದರೂ ಅದು ಒಪ್ಪಲಿಲ್ಲ. ತಡವಾದರೆ ಮೇಸ್ತ್ರಿಯ ಬಾಯಿಗೆ ಬೀಳಬೇಕಲ್ಲ ಎಂದು ಹಿಂದೆ ನಿಂತಿದ್ದ ಹೊಲಿಗೆ ಕೆಲಸದಾಕೆ ಚಡಪಡಿಸಿದಳು.

“ಬೆರಳಿಗೇನ್ರೀ ಮಾಡ್ಕೊಂಡ್ರಿ?” ಯಂತ್ರದ ಪಕ್ಕ ಕೂತಿದ್ದ ಗುಮಾಸ್ತ ರೇಗಿದ.

“ಗಿಟಾರ್ ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದೆ ಸಾರ್. ಒಬ್ಬ ದೊಡ್ಡ ರಾಕ್ ಗಿಟಾರಿಸ್ಟನ ಹಾಡುಗಳು. ಹೊಸಬರಿಗೆ ಸುಲಭದ ಹತ್ತು ಅಂತ ಪುಸ್ತಕದಲ್ಲಿತ್ತು.”

“ಎಷ್ಟು ಬಂತು?”

“ಎಂಟು ತಿಂಗಳಿಗೆ ಒಂದರಲ್ಲಿ ಅರ್ಧ.”

“ಸುಲಭ ಅವನಿಗೆ ಕಣ್ರೀ! ಒಂದು ತಿಂಗಳು ಮುಟ್ಬೇಡಿ, ಬೆರಳು ಮೆತ್ತಗಾಗುತ್ತೆ.”

“ಮೆತ್ತಗಾದ್ರೆ ಮತ್ತೆ ಮೊದಲಿಂದ ನೋವು ತಿನ್ಬೇಕಲ್ಲ! ಯಂತ್ರಕ್ಕೆ ಬಲಗೈ ಬೆರಳು ಸೇರಿಸ್ಕೊಳ್ಳಿ.”

“ಅದಕ್ಕೆ ಮ್ಯಾನೇಜರ್ ಸಹಿ ಬೇಕು. ಅವರು ರಜೆ. ಇವತ್ತು ನೀವು ಗೈರುಹಾಜರು.”

ಎಲೆಕ್ಟ್ರಿಷಿಯನ್ ಊಟದ ಡಬ್ಬಿ ಎತ್ತಿಕೊಂಡ.

“ಹಾಗೇ ಬರ್ಕೊಳ್ಳಿ. ಮನೆಗೆ ಹೋಗಿ ಇನ್ನರ್ಧ ಕಲೀತೀನಿ,” ಎಂದವನೇ ಗೇಟಿನ ಕಡೆ ದಡದಡ ನಡೆದ.