ಕುಷ್ಟನ ಚುನಾವಣೆಗಳು

ಅಲ್ಲ ಅಮ್ಮ, ನಿನ್ನನ್ನು ಎಬ್ಬಿಸಬೇಡ ಅಂದದ್ದು ಅವನೇ. ಭಾನುವಾರ ಬೆಳಿಗ್ಗೆ... ಎಲ್ಲ ಭಾನುವಾರದ ಹಾಗೇ ಇತ್ತು. ನಾನು ಬಟ್ಟೆ ನೆನೆಸಿಟ್ಟಿದ್ದೆ. ಗೇಟಿನ ಹೊರಗೆ ಕಾರು ನಿಲ್ಲಿಸಿ ಬಂದ, ಅಡುಗೆಮನೆಯಲ್ಲಿ ನಿಂತುಕೊಂಡೇ ಗಂಜಿ ಕುಡಿದ. ಎಮ್ಮೆಲ್ಲೆ ಆದರೇನು, ಉಪ್ಪಿನಕಾಯಿಯ ಎಣ್ಣೆಯನ್ನು ಬೆರಳಲ್ಲಿ ನೆಕ್ಕುವುದು ಬಿಟ್ಟಿಲ್ಲ ನಿನ್ನ ಮಗ. 'ಅಕ್ಕ, ಕೆರಾಡಿಲ್ ಶಾಲಿ ಕಟ್ಟಡದ್ ಉದ್ಘಾಟನೆ ಇತ್ತ್. ಮುಗ್ಸ್ಕಂಡ್ ಊಟಕ್ಕೆ ಬತ್ತೆ. ಬಂಗ್ಡಿ ಮಾಡ್' ಅಂದ. ನಿನ್ನ ಕೋಣೆಯ ಬಾಗಿಲು ಸ್ವಲ್ಪವೇ ತೆರೆದು ನೋಡಿದ. 'ಮಲಗ್ಲಿ' ಅಂದ. ಹೋದ.

ಅಷ್ಟೇ. ಆಮೇಲೆ ಕೆರಾಡಿಯಿಂದ ನೆಟ್ಟಗೆ ಬೆಂಗಳೂರು. ಪಾರ್ಟಿಯ ಮೇಲಿನವರ ಫೋನು ಬಂತಂತೆ, ಮಂತ್ರಿ ಮಾಡುತ್ತಾರಂತೆ. ಫೋನು ಯಾಕೆ ಮಾಡುವುದಿಲ್ಲ ಅಂದರೆ... ಹೇಳಿದೆನಲ್ಲ, ಶಾಸಕರನ್ನೆಲ್ಲ ಒಂದು ರೆಸಾರ್ಟಿನಲ್ಲಿ ಕೂಡಿಹಾಕಿದ್ದಾರೆ. ಫೋನೂ ಕಿತ್ತು ಇಟ್ಟುಕೊಂಡಿದ್ದಾರೆ. ನಮ್ಮ ಶಾಲೆಯಲ್ಲಿ ಮಕ್ಕಳ ಫೋನು ಕಿತ್ತುಕೊಳ್ಳುತ್ತೇವಲ್ಲ, ಹಾಗೆ. ದೊಡ್ಡವರಾದ ಮೇಲೂ ಅದೇ ಶಿಕ್ಷೆ!

ನಗು ಬರಲಿಲ್ಲವಾ? ಇರಲಿ.

ಬಾ, ಕೂತುಕೋ. ಊಟ ಮಾಡುತ್ತಾ ಮಾತಾಡುವ. ನೋಡು, ಮೇಲಿನ ಮನೆಯ ಜಲಜಕ್ಕ ನಿನಗೆಂದೇ ಬಂಗುಡೆ ಹುರಿದು ಕೊಟ್ಟಿದ್ದಾಳೆ. ಎರಡೂ ನಿನಗೇ. ನಿನ್ನೆ ಅವಳು ಕೊಟ್ಟದ್ದನ್ನು ಬೆಕ್ಕಿಗೆ ಹಾಕಿದೆಯಂತೆ. ಖಾರ ಅಂದೆಯಂತೆ! ಮೆಣಸನ್ನೇ ಕಡಿದು ತಿನ್ನುವವಳು ನೀನು. ಇವತ್ತು ಮೆಣಸು ಕಡಿಮೆ ಹಾಕಲು ಹೇಳಿದ್ದೇನೆ.

ಕಿಟಕಿ ಕಡೆ ಯಾಕೆ ನೋಡುತ್ತೀ?

ಹೌದು... ಅವನದೇ ಫೋಟೋ. ಬೆಳಿಗ್ಗೆ ಹುಡುಗರು ಬಂದು ಕಟ್ಟಿದರು. ಕೈ ಮುಗಿದ ಆ ಫೋಟೋ ಕುಂದಾಪುರದ ಸ್ಟುಡಿಯೋದಲ್ಲಿ ನಾನೇ ನಿಂತು ತೆಗೆಸಿದ್ದು, ಎರಡನೇ ಚುನಾವಣೆಗೆ. ಅಲ್ಲಿಂದ ಎಲ್ಲ ಫ್ಲೆಕ್ಸಿಗೂ ಅದೇ. ಮತ ಕೊಡಿ ಅನ್ನಲಿಕ್ಕೂ ಅದೇ, ಗೆದ್ದ ಮೇಲೆ ಧನ್ಯವಾದ ಹೇಳಲಿಕ್ಕೂ ಅದೇ, ದೀಪಾವಳಿಗೂ ಅದೇ. ಈಗ... ಮಂತ್ರಿ ಆಗುತ್ತಾನಲ್ಲ, ಅದಕ್ಕೆ ಹಾಕಿದ್ದಾರೆ.

ಬೆರಳು ಯಾಕೆ ತೋರಿಸುತ್ತೀ? ಬಣ್ಣವಾ? ಬಣ್ಣ ಇಲ್ಲ, ಹೌದು. ಬರೀ ಕಪ್ಪು-ಬಿಳಿ. ಪ್ರಿಂಟು ಮಾಡುವವನ ಹತ್ತಿರ ಬಣ್ಣ ಮುಗಿದಿರಬೇಕು. ಅವಸರದಲ್ಲಿ ಮಾಡಿದ್ದಾರೆ. ಈಗೀಗ ಹಾಗೆ ಹಾಕುವುದೂ ಒಂದು ಚಂದ ಅಂತೆ, ನನಗೇನು ಗೊತ್ತು. ಬರೆದದ್ದಾ? ಓದುತ್ತೇನೆ, ಇರು. 'ಜನಪ್ರಿಯ ಶಾಸಕರಾದ ಶ್ರೀ ಕೃಷ್ಣ ಅವರಿಗೆ...' ಅಷ್ಟೇ ಕಾಣುವುದು. ಮುಂದಿನದಕ್ಕೆ ಕರೆಂಟು ಕಂಬ ಅಡ್ಡ ಬಂದಿದೆ.

ಪರದೆ ಎಳೆಯುತ್ತೇನೆ. ನಿನ್ನ ಮುಖಕ್ಕೆ ಬಿಸಿಲು.

ಕೃಷ್ಣ ಅಂತೆ! ಮತಪತ್ರದಲ್ಲಿ, ಫ್ಲೆಕ್ಸಿನಲ್ಲಿ, ವಿಧಾನಸಭೆಯಲ್ಲಿ ಎಲ್ಲ ಕಡೆ ಕೃಷ್ಣ. ನಿನ್ನ ಬಾಯಲ್ಲಿ ಮಾತ್ರ ಕುಷ್ಟ. ನನ್ನ ಬಾಯಲ್ಲೂ. ನಾನು ಬಾಕಿ ಎಲ್ಲ ಶಾಲೆಯ ಭಾಷೆ ಆಡುತ್ತೇನೆ ಅಂತ ನೀನು ಮೂಗು ಮುರಿಯುತ್ತೀ. ಏನು ಮಾಡಲಿ, ಪಾಠ ಮಾಡಿ ಮಾಡಿ ನಾಲಿಗೆಯೇ ಪುಸ್ತಕ ಆಗಿಬಿಟ್ಟಿದೆ.

ಅನ್ನ ಕಲಸು ಅಮ್ಮ.

ಇವತ್ತು ಟಿವಿಯವರು ಫೋನು ಮಾಡಿದ್ದರು. ಒಬ್ಬ ಹುಡುಗ, ಪ್ರಖ್ಯಾತ್ ಅಂತೆ ಹೆಸರು. 'ಮೇಡಂ, ಅವರ ರಾಜಕೀಯ ಜೀವನ ಸ್ವಲ್ಪ ಹೇಳಿ, ಎಷ್ಟು ಸಲ ನಿಂತರು, ಎಷ್ಟು ಸಲ ಗೆದ್ದರು' ಅಂದ. ನಾನು ಸರಿಯಾಗಿಯೇ ಹೇಳಿದೆ. ಐದು ಸಲ ನಿಂತ, ಎರಡು ಸಲ ಗೆದ್ದ. 'ಅಷ್ಟೇನಾ ಮೇಡಂ?' ಅಂತ ಕೇಳಿದ.

ಅಷ್ಟೇನಾ ಅಂತೆ.

ಮೊದಲ ಸಲದ್ದು ಹೇಗೆ ಹೇಳಲಿ ಆ ಹುಡುಗನಿಗೆ? ಹೇಳಿದರೆ ನಿನ್ನ ಮಾನ ಹೋಗುತ್ತದೆ... ನೋಡು, ನೋಡು, ಈಗ ನಗುತ್ತೀ! ನಗು, ಪರವಾಗಿಲ್ಲ. ಪಕ್ಷೇತರ, ಹೊಲಿಗೆ ಮಿಷನ್ ಚಿಹ್ನೆ. ಮನೆ ಮನೆಗೆ ಹೋಗಿ ಹೊಲಿಗೆ ಮಿಷನ್, ಹೊಲಿಗೆ ಮಿಷನ್ ಅಂತ ಗಂಟಲು ಹರಿದುಕೊಂಡೆವು. ನೀನು ಮತಗಟ್ಟೆಯೊಳಗೆ ಹೋದವಳು ದೋಣಿ ಒತ್ತಿ ಬಂದೆ! ಯಾಕಮ್ಮ ಅಂದರೆ, 'ನಮ್ ಕುಷ್ಟ ದೋಣಿಲ್ ಬೆಳ್ದವ. ಹೊಲಿಗಿ ಮಿಷನ್ ಯಾರೋ ದರ್ಜಿದ್ ಆಯ್ಕ್' ಅಂದೆ. ನೀನೊಬ್ಬಳೇ ಅಲ್ಲ, ಮರವಂತೆಯ ನಮ್ಮ ಕೇರಿಯ ಹೆಂಗಸರೆಲ್ಲ ಅದನ್ನೇ ಮಾಡಿದ್ದು. ಆ ದೋಣಿಯ ಅಭ್ಯರ್ಥಿ ಶಂಕರನಾರಾಯಣದ ಕಡೆಯವನು, ಕಡಲಿಗೆ ಕಾಲು ಇಟ್ಟವನೇ ಅಲ್ಲ. ಮರವಂತೆಯಲ್ಲಿ ತನಗೆ ಬಿದ್ದ ಮತ ನೋಡಿ ಅವನೇ ಗಾಬರಿ.

ಸೋತು ಬಂದ ಕುಷ್ಟ ಏನು ಮಾಡಿದ, ನೆನಪುಂಟಲ್ಲ? ನಿನ್ನ ಬೆರಳು ಹಿಡಿದುಕೊಂಡ. ಉಗುರಿನ ಶಾಯಿ ಇನ್ನೂ ಹೋಗಿರಲಿಲ್ಲ. 'ಅಮ್ಮ, ನೀ ಒತ್ತದ್ದ್ ಸಮಾ ಇತ್ತ್. ನಾನೇ ತಪ್ಪ್ ಚಿಹ್ನೆ ತಕಂಡದ್ದ್' ಅಂದ.

ಇದನ್ನು ಟಿವಿಯಲ್ಲಿ ಹೇಳಲಿಕ್ಕಾಗುತ್ತದಾ?

ಎರಡನೇ ಸಲ ದೊಡ್ಡ ಪಾರ್ಟಿಯ ಟಿಕೆಟ್. ಗೆಲ್ಲುತ್ತಾನೆ ಅಂತ ಎಲ್ಲರೂ ಹೇಳಿದ್ದರು. ಪ್ರಚಾರದ ನಡುವೆ ನಿನ್ನ ತಮ್ಮ ಶೀನ ಮಾವ ತೀರಿಕೊಂಡ. ತಾಯಿ ಕಡೆಯ ಒಂದೇ ಬಳಿಯವರು, ಒಂದೇ ಕುಲದವರಲ್ಲವಾ ನಾವು, ನಮಗೆಲ್ಲ ಸೂತಕ. ಉತ್ತರಕ್ರಿಯೆಯ ಬೊಜ್ಜ ಮುಗಿಯುವ ತನಕ ಬಾಯಿಗೆ ಮೀನು ಮುಟ್ಟಿಸಬಾರದು ಅಂತ ನಿನ್ನದು ಒಂದೇ ಮಾತು. ಇವನ ಪ್ರಚಾರವೋ ಮೀನುಗಾರರ ಕೇರಿಗಳಲ್ಲಿ! ಹೋದ ಮನೆಯಲ್ಲೆಲ್ಲ ಹುರಿದ ಮೀನು ತಂದಿಡುತ್ತಿದ್ದರು, ಇವನು ಮಜ್ಜಿಗೆ ಅನ್ನ ಉಂಡು ಏಳುತ್ತಿದ್ದ. ಎದುರು ಪಾರ್ಟಿಯಲ್ಲಿ ಗುಡ್ಡ ಅನ್ನುವವನೊಬ್ಬ ಇದ್ದನಲ್ಲ, ಅವನು ಏನು ಹಬ್ಬಿಸಿದ? 'ಕುಷ್ಟ ಈಗ ದೊಡ್ಡ ಜನ, ನಮ್ ಮನಿ ಮೀನ್ ಅವ್ನಿಗೆ ನಾರತ್' ಅಂತ. ಕೇರಿಯೇ ಮುನಿಸಿಕೊಂಡಿತು. ನಾನು ಅಂಗಲಾಚಿದೆ, ಸೂತಕ ಅಂತ ಭಾಷಣದಲ್ಲಿ ಒಂದು ಮಾತು ಹೇಳು ಮಾರಾಯ ಅಂತ. 'ಮಾವ ಸತ್ತದ್ದನ್ನ್ ಓಟಿಗೆ ಹೇಳೂದಾ ಅಕ್ಕ?' ಅಂದ.

ಹೇಳಲಿಲ್ಲ. ಸೋತ.

ಏನು, ನನ್ನ ಮುಖ ನೋಡುತ್ತೀ? ಕಣ್ಣು ಕೆಂಪಾಗಿದೆಯಾ? ಶೀತ ಅಮ್ಮ. ಸೋಮವಾರ ತಲೆ ಒದ್ದೆಯಾಯಿತಲ್ಲ, ಅದರದ್ದೇ. ಹೇಳಿದೆನಲ್ಲ, ಶಾಲೆಯಿಂದ ಬರುವಾಗ ಮಳೆ ಸಿಕ್ಕಿತು. ಇಲ್ಲಿ ಬ್ರಹ್ಮಾವರದಲ್ಲಿ ನನ್ನ ಮನೆ ಕಡೆ ಬಾರದಿದ್ದರೆ ಎಲ್ಲೂ ಬರಬಾರದು ಅಂತ ಉಂಟಾ? ಆ ಕಡೆ ಬಂದಿತ್ತು. ಮರವಂತೆ ಕಡೆ... ಅಲ್ಲ, ನಾನು ಮರವಂತೆಗೆ ಯಾಕೆ ಹೋಗಲಿ? ಆ ಕಡೆಯಿಂದ ಬಂದವರು ಹೇಳಿದರು.

ಉಣ್ಣು. ತಣ್ಣಗಾಗುತ್ತದೆ.

ಮೂರನೇ ಸಲ ಗೆದ್ದ. ಇದನ್ನು ಮಾತ್ರ ಆ ಹುಡುಗನಿಗೆ ಪೂರ್ತಿ ಹೇಳಿದೆ. ಎಣಿಕೆಯ ದಿನವೂ ನೀನು ಮೀನಿನ ಬುಟ್ಟಿ ಹೊತ್ತುಕೊಂಡು ಪೇಟೆಗೆ ಹೋದವಳೇ. ಪಟಾಕಿ ಸದ್ದು ಕೇಳಿ 'ಯಾರ್ ಮನಿ ಮದಿ ದಿಬ್ಬಣ?' ಅಂತ ಕೇಳಿದೆಯಂತೆ! ಅವನು ಮೆರವಣಿಗೆಯನ್ನು ಅರ್ಧದಲ್ಲೇ ಬಿಟ್ಟು ಪೇಟೆಗೆ ಬಂದ. ನಿನ್ನ ಬುಟ್ಟಿಯನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡ. ಹಾರದ ಮೇಲೆಲ್ಲ ಮೀನಿನ ನೀರು. ನೀನು ಬೈದದ್ದು ಬೈದದ್ದೇ, 'ಹೊಸ ಅಂಗಿ ಮಾರಾಯ, ಹೊಸ ಅಂಗಿ' ಅಂತ. ಆ ಅಂಗಿಯ ವಾಸನೆ ಹೋಗಲೇ ಇಲ್ಲ. ಅವನು ಅದನ್ನು ಎಸೆಯಲೂ ಇಲ್ಲ.

ನಾಲ್ಕನೇ ಸಲ ಟಿಕೆಟ್ ತಪ್ಪಿಸಿದರು. ಮತ್ತೆ ಪಕ್ಷೇತರ, ಠೇವಣಿಯೂ ಹೋಯಿತು. ಚಪ್ಪಲಿ ಬಿಡಲು ಜಾಗ ಇರದಿದ್ದ ಮರವಂತೆಯ ನಿಮ್ಮ ಅಂಗಳದಲ್ಲಿ ಮರುದಿನ ನಿನ್ನ ಚಪ್ಪಲಿ ಮತ್ತು ಅವನ ಚಪ್ಪಲಿ. ಆಗಲಾದರೂ ಮದುವೆಯಾಗು ಅಂದೆ. 'ಸೋತವನಿಗೆ ಯಾರ್ ಹೆಣ್ ಕೊಡ್ತ್ರ್?' ಅಂದ. ಗೆದ್ದಾಗ ಕೇಳಿದರೆ ಪುರುಸೊತ್ತಿಲ್ಲ ಅಂದಿದ್ದ. ಆ ಐದು ವರ್ಷ ಅವನು ಸುಮ್ಮನೆ ಕೂರಲಿಲ್ಲ, ಅದನ್ನು ಯಾರೂ ಎಲ್ಲಿಯೂ ಬರೆಯುವುದಿಲ್ಲ. ಅಧಿಕಾರ ಇಲ್ಲ, ಕಾರಿಲ್ಲ. ಮುದುಕರ ಪಿಂಚಣಿಗೆಂದು ಬಸ್ಸಿನಲ್ಲೇ ತಾಲೂಕು ಕಚೇರಿಗೆ ಅಲೆಯುತ್ತಿದ್ದ.

ಐದನೇ ಸಲ ಜನ ಮತ್ತೆ ಗೆಲ್ಲಿಸಿದರು. ವಿಧಾನಸಭೆಯಲ್ಲಿ ನಮ್ಮ ಕಡಲ್ಕೊರೆತದ ಬಗ್ಗೆ ಮಾತಾಡಿದ್ದನ್ನು ಇಲ್ಲೇ ಕೂತು ಟಿವಿಯಲ್ಲಿ ನೋಡಿದೆವಲ್ಲ? 'ಮಾನ್ಯ ಸಭಾಧ್ಯಕ್ಷರೇ, ಹೋದ ಮಳೆಗಾಲ ನಮ್ಮೂರಿನಲ್ಲಿ ಇದ್ದ ತೆಂಗಿನ ಮರ ಈ ಮಳೆಗಾಲ ಇಲ್ಲ' ಅಂತ ಶುರು ಮಾಡಿದ. ಚಂದ ಮಾತಾಡುತ್ತಿದ್ದ. ಸಮಯ ಆಯಿತು ಅಂತ ಮೈಕ್ ಬಂದ್ ಮಾಡಿಬಿಟ್ಟರು. ಅವನ ಬಾಯಿ ಆಡುತ್ತಿತ್ತು, ಸ್ವರ ಇಲ್ಲ. ನೀನು ಟಿವಿಗೇ ಬೈದೆ, 'ಹ್ವಾಯ್! ಅವ ಇನ್ನೂ ಮುಗ್ಸ್ಲಿಲ್ಲೆ!' ಅಂತ.

ಆಮೇಲೆ ಎಷ್ಟು ದಿನ ಅದನ್ನು ಹೇಳಿ ನಿನ್ನನ್ನು ತಮಾಷೆ ಮಾಡಿದ. ಮಂತ್ರಿಗಳ ಎದುರೂ ಹೇಳಿದ್ದನಂತೆ, 'ನಮ್ಮ ಅಮ್ಮ ಸಭಾಧ್ಯಕ್ಷರಿಗೆ ಬೈದಿದ್ದಾರೆ' ಅಂತ.

ಯಾಕೆ ಕೈ ನಿಲ್ಲಿಸಿದೆ?

ಅಯ್ಯೋ, ನನ್ನ ತಟ್ಟೆಗೆ ಯಾಕೆ ಹಾಕುತ್ತೀ? ನಿನಗೆಂದು ತಂದದ್ದಲ್ಲವಾ? ನನಗೆ ಬೇಡ ಅಮ್ಮ. ಹೊಟ್ಟೆ ಸರಿ ಇಲ್ಲ... ಇಲ್ಲ, ವ್ರತ ಏನಿಲ್ಲ. ಬುಧವಾರ ಎಂಥ ವ್ರತ? ಡಾಕ್ಟರು ನಿನಗೆ ಹೇಳಿದ್ದು ಗೊತ್ತಲ್ಲ, ಚೆನ್ನಾಗಿ ತಿನ್ನಬೇಕು, ಮನಸ್ಸಿಗೆ ಯಾವುದನ್ನೂ ಹಚ್ಚಿಕೊಳ್ಳಬಾರದು, ಎದೆಗೆ ಸ್ಟೆಂಟ್ ಹಾಕಿ ಇನ್ನೂ... ಸರಿ. ಸರಿ, ತಿನ್ನುತ್ತೇನೆ. ನೋಡು, ಮುಳ್ಳು ಬಿಡಿಸುತ್ತೇನೆ. ತಿನ್ನುತ್ತೇನೆ ಅಂದೆನಲ್ಲ, ಹಾಗೆ ನೋಡಬೇಡ ನನ್ನನ್ನು. ನೀನು ಹಾಗೆ ನೋಡಿದರೆ ನನಗೆ...

ಆಗುವುದಿಲ್ಲ ಅಮ್ಮ.

ನನ್ನಿಂದ ಆಗುವುದಿಲ್ಲ.

ಏನಾದರೂ ಹೇಳು. ಬೈಯಿ. ಕೇಳು ಅಮ್ಮ ಒಂದು ಸಲ, ದಿನಾ ಕೇಳುತ್ತಿದ್ದೆಯಲ್ಲ, 'ಕುಷ್ಟ ಬಂದ್ನಾ' ಅಂತ. ಭಾನುವಾರ ಮಧ್ಯಾಹ್ನ ಕೇಳಿದೆ. ಸೋಮವಾರ ಬೆಳಿಗ್ಗೆಯೂ ಕೇಳಿದೆ. ಆ ಸಂಜೆ ನಾನು ಬಾಗಿಲಲ್ಲಿ ನಿಂತಾಗ ನನ್ನ ತಲೆ ಮುಟ್ಟಿ ನೋಡಿದೆ, ಒದ್ದೆ ಅಂತ. ಆಮೇಲೆ ನೀನು ಅವನನ್ನು ಕೇಳಲೇ ಇಲ್ಲ. ರೆಸಾರ್ಟು, ಮಂತ್ರಿಗಿರಿ, ಮಳೆ... ನೀನು ಕೇಳದೆ ನಾನೇ ಒಂದೊಂದಾಗಿ ಹೇಳಿದ್ದು.

ಅಮ್ಮ... ನಿಂಗ್ ಗೊತ್ತಿತ್ತ್. ಅಲ್ದಾ?

ನಿನ್ನೆ ಮೀನ್ ಬೆಕ್ಕಿಗೆ ಹಾಕದ್ದ್ ಖಾರ ಆಯ್ತ್ ಅಂದೇಳಿ ಅಲ್ಲ.

ನಾನ್ ಹ್ಯಾಂಗ್ ಹೇಳ್ಲಿ ಅಮ್ಮ? ನಿನ್ ಎದಿ ತಡೂದಿಲ್ಲ ಅಂದ್ರ್ ಎಲ್ಲರೂ. ಅದೊಂದೇ ಅಲ್ಲ. ನಿಂಗ್ ಹೇಳ್ರೆ ಅದ್ ನಿಜ ಆತ್ತ್. ಅಲ್ಲಿವರಿಗೆ ಅವ ಎಲ್ಲೋ ಇದ್ದ ಅಂದೇಳಿ... ಕೆರಾಡಿಲ್ ಶಾಲಿ ಮಕ್ಕಳ್ ಎದ್ರ್ ಮೈಕ್ ಹಿಡ್ಕಂಡ್ ನಿಂತಿದ್ದ. ಮಾತಾಡ್ತಾ ಇದ್ದ, ಹಾಂಗೇ ಬಿದ್ದ. ಅವ ಇನ್ನೂ ಮುಗ್ಸ್ಲಿಲ್ಲೆ ಅಮ್ಮ.

ಏಳ್ ಅಮ್ಮ. ಕೈ ತೊಳುವ.

ಬಂಗ್ಡಿ ಎರಡೂ ಹಾಂಗೇ ಇತ್ತ್.