ಗುಲಾಬಿ ಹೂವಿನ ಆರನೇ ಕಪ್ಪು

ದೊಡ್ಡಉಳ್ಳಾರ್ತಿ ದಾರೀಲಿ ಹಾಳು ಬಾವಿ ಐತಲ್ಲ ಶಿಲ್ಪ, ಅದನ್ನ ದಾಟುವಾಗ ನಮ್ಮ ಪಾಲಾಕ್ಷಣ್ಣಂಗೆ ಹಿಂದಿಂದ ಸದ್ದು ಕೇಳಿಸ್ತು. ಟಿಣ್... ಟಿಣ್... ಸಾಸರ್ ಮೇಲೆ ಕಪ್ಪು ಅಲ್ಲಾಡೋ ಸದ್ದು. ಯಾರೋ ತುಂಬಿದ ಕಪ್ಪು ಹಿಡಕೊಂಡು, ಚೆಲ್ಲಬಾರದು ಅಂತ ಮೆಲ್ಲಗೆ ನಡೆದಂಗೆ.

ಅಣ್ಣ ನಿಂತ. ಸದ್ದೂ ನಿಂತಿತು.

ಕೊನೇ ಬಸ್ಸಿಗೆ ಬಂದಿಳಿದು ಒಬ್ಬನೇ ಹೋಗ್ತಿದ್ದ. ಚೀಲದಲ್ಲಿ ಒಂದೇ ಕಪ್ಪಿತ್ತು, ಟವೆಲಲ್ಲಿ ಸುತ್ತಿದ್ದು. ಸಾಸರ್ ಇರಲಿಲ್ಲ. ಇದನ್ನ ನೆನಪಿಟ್ಟುಕೋ.

ಪಾಲಾಕ್ಷ ನಮ್ಮ ದೊಡ್ಡಪ್ಪನ ಮಗ, ಮೇಷ್ಟ್ರು. ಇಂಗ್ಲೆಂಡಿನ ಹಳೇ ಪಿಂಗಾಣಿ ಟೀ ಸೆಟ್ಟು ಅಂದ್ರೆ ಪ್ರಾಣ. ಮೈತುಂಬ ಗುಲಾಬಿ, ಅಂಚಿಗೆ ಚಿನ್ನದ ಗೆರೆ, ಬೆಳಕಿಗೆ ಹಿಡಿದರೆ ಆಚೆ ಬೆರಳು ಕಾಣಬೇಕು! ಭಾನುವಾರ ಅದರಲ್ಲೇ ಕುಡಿದು ‘ಆಹಾ’ ಅನ್ನೋನು. ನಾವೆಲ್ಲ ಸ್ಟೀಲ್ ಲೋಟದಲ್ಲಿ ಕುಡಿದು ಸತ್ತೋಗಿದ್ವಾ? ಅವನ ಮೆಚ್ಚಿನ ಸೆಟ್ಟಲ್ಲಿ ಐದೇ ಕಪ್ಪು, ಐದೇ ಸಾಸರ್. ಆರನೇ ಜೋಡಿ, ಅವತ್ತು ಮಧ್ಯಾಹ್ನ ನಾವಿಬ್ಬರೂ ಸಿದ್ದಾಪುರಕ್ಕೆ ಹೋಗಿದ್ದಾಗ, ಹುಚ್ಚಕ್ಕಜ್ಜಿ ಮನೆ ಗೂಡಲ್ಲಿ ಕಾಣಿಸ್ತು. ಅಜ್ಜಿ ಮಾವ ಬ್ರಿಟಿಷ್ ದೊರೆ ಬಂಗಲೇಲಿ ಅಡುಗೆಗಿದ್ದನಂತೆ, ಅಲ್ಲಿಂದ ಬಂದದ್ದು.

“ಕೊಡಾಕಾಗಲ್ಲಪ್ಪ,” ಅಂದ್ಲು ಅಜ್ಜಿ. “ನಮ್ಮೆಜಮಾನ್ರು ಸಾಸರಿಗೆ ಬಗ್ಗಿಸ್ಕಂಡು ಕುಡೀತಿದ್ರು. ಈಗ ಅಮಾಸಿ ಎಡೆಗೆ ಇದ್ರಾಗೇ ಟೀ ಇಡ್ತೀನಿ. ಬ್ಯಾರೆದ್ರಾಗೆ ಇಟ್ರೆ ಮುಟ್ಟಲ್ಲ ಅವ್ರು.”

ಮಾರನೇ ದಿನವೇ ಮಹಾಲಯ ಅಮಾವಾಸ್ಯೆ.

ಅಣ್ಣ ನನ್ನ ಮುಖ ನೋಡಿದ. ನನಗೆ ಅರ್ಥ ಆಯ್ತು. “ಅಜ್ಜಿ, ಒಂದು ಗುಟುಕು ಟೀ ಕೊಡ್ರಿ” ಅಂದೆ. ಪಾಪಿ ನಾನು. ಕಣ್ಣು ಮಂಜಾದ ಮುದುಕಿ ಗೋಡೆ ತಡವಿಕೊಂಡು ಒಳಗೆ ಹೋದ್ಲು. ಬೆಲ್ಲ ಕುಟ್ಟೋ ಸದ್ದು... ಕುಟ್, ಕುಟ್... ಅಷ್ಟರಲ್ಲಿ ಕಪ್ಪು ಚೀಲ ಸೇರ್ತು. ಸಾಸರಿಗೆ ಕೈ ಹಾಕೋದ್ರೊಳಗೆ ಆಕೆ ಬಂದೇಬಿಟ್ಲು, ಅದು ಗೂಡಲ್ಲೇ ಉಳೀತು. ಆ ಟೀ ಕುಡಿದೇ ಎದ್ದು ಬಂದ್ವಿ. ಹೆಂಗೆ ಗಂಟಲಲ್ಲಿ ಇಳೀತೋ!

ಅವತ್ತೇ ರಾತ್ರಿ, ಆ ಬಾವಿ ಹತ್ರ ಸದ್ದು ನಿಂತ ಮೇಲೆ, ಅಣ್ಣನ ಕಿವಿಗೇ ಬಂದಂಗೆ ಪಿಸುಮಾತು: “ಟೀ ಆರ್ತೈತೆ ಕಣಪ್ಪ...”

ಓಡಿದ. ಮನೆ ಸೇರಿ, ಚಳ್ಳಕೆರೇಲೇ ಇಳಿದು ನಮ್ಮನೆಗೆ ಹೋಗಿದ್ದ ನನಗೆ ಫೋನ್ ಮಾಡಿದ.

“ಕಾಂಚನಾ... ಷೋಕೇಸ್ ಹತ್ರ ಯಾರೋ ಅವ್ರೆ.”

“ಯಾರು?”

“ಮಾತಾಡ್ಬೇಡ... ಕೇಳು.”

ಫೋನಲ್ಲಿ ನಾನೂ ಕೇಳಿದೆ. ಟಿಣ್. ಆಮೇಲೆ ಸೊರ್... ಅಂತ ಹೀರೋ ಸದ್ದು.

ಬೆಳಗ್ಗೆ ಮೊದಲ ಬಸ್ಸಿಗೇ ಕಪ್ಪು ಹಿಡಕೊಂಡು ಸಿದ್ದಾಪುರಕ್ಕೆ ಹೋದ್ವಿ. ಅಜ್ಜಿ ನೆಲದ ಮೇಲೆ ಕೂತಿದ್ಲು. ಕಪ್ಪನ್ನ ಕೈಗಿಟ್ಟೆ. ಅಂಚು ಸವರಿ ನೋಡಿದ್ಲು.

“ನಿಮ್ತಾವ ಇತ್ತಾ? ನಾನೇ ಒಡೆದಾಕಿದ್ನೇನೋ ಅಂತ ರಾತ್ರಿಯೆಲ್ಲ ನೆಲ ತಡವಿದೆ ಕಣವ್ವ... ಸಾಸರೂ ಕಾಣ್ವಲ್ದು.”

ಬೈದಿದ್ದರೆ ಚೆನ್ನಾಗಿತ್ತು. ಅಣ್ಣ ಕಾಲಿಗೆ ಬಿದ್ದ. ನಾನು ಅತ್ತುಬಿಟ್ಟೆ. ಆದರೆ ಸಾಸರ್ ನಾವು ಮುಟ್ಟಿರಲಿಲ್ಲ, ಮನೆಯೆಲ್ಲ ಹುಡುಕಿದರೂ ಸಿಗಲಿಲ್ಲ.

ಸಂಜೆ ಅವನ ಜೊತೆ ದೊಡ್ಡಉಳ್ಳಾರ್ತಿಗೆ ಹೋದೆ. ಬೀಗ ಹಾಕಿದ್ದ ಮನೆ, ನಾನೇ ತೆಗೆದೆ. ಷೋಕೇಸಲ್ಲಿ ಆರು ಸಾಸರ್ ಇದ್ವು. ಆರನೇದರಲ್ಲಿ ಟೀ ಇತ್ತು. ನನ್ನಾಣೆಗೂ ಸುಳ್ಳಲ್ಲ, ಈ ಬೆರಳೇ ಅದ್ದಿ ನೋಡಿದ್ದು. ಬೆಲ್ಲದ ಟೀ. ಇನ್ನೂ ಬಿಸಿ ಇತ್ತು.