ಏಣಿಗೆ ಬಿಟ್ಟ ಜಾಗ

ಮಳೆ ಸಂಜೆಗೇ ಹಿಡಿದಿತ್ತು. ರಂಗಮಂದಿರದ ತಗಡಿನ ಮಾಡಿನ ಮೇಲೆ ಅದು ಬಡಿಯುವ ರಭಸಕ್ಕೆ ಹಾಡಿನ ತಾಳವೇ ಕೇಳುತ್ತಿರಲಿಲ್ಲ. ತಾಳ ಕೇಳದಿದ್ದರೆ ಪಕ್ಕದವರ ಕಾಲು ನೋಡಿ ಕುಣಿಯಿರಿ ಎಂದು ನಾಟಕದ ತಾಲೀಮು ನಡೆಸುತ್ತಿದ್ದ ಮೇಡಂ ಗದರುತ್ತಿರುವಾಗಲೇ ಕರೆಂಟೂ ಹೋಯಿತು. "ಒಬ್ಬರೂ ಮನೆಗೆ ಹೋಗೋ ಹಾಗಿಲ್ಲ. ಬೆಳಕು ಬಂದ ತಕ್ಷಣ ಎತ್ತೋ ದೃಶ್ಯ," ಎಂದು ಕತ್ತಲಲ್ಲೇ ಆಜ್ಞೆ ಹೊರಡಿಸಿ, ಆಕೆ ಛತ್ರಿ ಬಿಚ್ಚಿಕೊಂಡು ಹಿತ್ತಲಿನ ಜನರೇಟರ್ ಕೋಣೆಗೆ, ಅಲ್ಲಿದ್ದ ಎಲೆಕ್ಟ್ರಿಷಿಯನ್ನನ ಜೀವ ಹಿಂಡಲು ಹೋದರು.

ಉಳಿದವರೆಲ್ಲ ವೇದಿಕೆಯ ನಡುವೆ ಒಂದು ಬ್ಯಾಟರಿ ದೀಪ ಇಟ್ಟುಕೊಂಡು ಸುತ್ತ ಕೂತರು. ಬೆವರಿಗೆ ಅಂಟಿದ ಬನಿಯನ್ನುಗಳು, ಮಂಡಿಗೆ ಸುತ್ತಿದ ಪಟ್ಟಿಗಳು, ನೋವಿನ ಮುಲಾಮಿನ ಘಾಟು. ಪಿಸು ಎಲ್ಲರಿಗಿಂತ ಹಿಂದೆ, ಪರದೆಯ ಮಡಿಕೆಗೆ ಬೆನ್ನು ಕೊಟ್ಟು, ಮೊಣಕಾಲು ಅಪ್ಪಿಕೊಂಡು ಕೂತಳು. ಆಯ್ಕೆಯ ದಿನ ಕೇಳಿದ್ದಕ್ಕೆಲ್ಲ ಪಿಸುದನಿಯಲ್ಲಿ ಉತ್ತರ ಕೊಟ್ಟಳೆಂದು ತಂಡದವರು ಇಟ್ಟ ಹೆಸರು ಅದು. ಕೊನೆಯ ಸಾಲಿನಲ್ಲಿ ನಿಂತು ಕುಣಿಯಲು ಸಿಕ್ಕರೆ ಸಾಕೆಂದು ಬಂದವಳಿಗೆ ಮೇಡಂ ನಾಟಕದ ಅತಿ ಕಷ್ಟದ ಕುಣಿತವನ್ನೇ ಕೊಟ್ಟುಬಿಟ್ಟಿದ್ದರು. ಬಂದರಿನ ಜನಜಂಗುಳಿ, ದೂರದಲ್ಲಿ ಹಡಗು ಕಂಡಿದೆ ಎಂಬ ಕೂಗು, ಗುಂಪಿನ ನಡುವಿನಿಂದ ಒಬ್ಬಳನ್ನು ಅವಳ ಜೋಡಿಗಾರ ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತುತ್ತಾನೆ, ಅವಳು ಹಡಗನ್ನು ನೋಡಿ ತೋಳು ಚಾಚುತ್ತಾಳೆ. ಆ ಅವಳು ಪಿಸು. ಇವತ್ತೇ ಮೊದಲ ಸಲ ಎತ್ತಿಸಿಕೊಳ್ಳುವುದಿತ್ತು. ಪಾತ್ರ ತನಗೆ ಬೇಕೇ ಬೇಕು ಎಂದು ತನ್ನಷ್ಟಕ್ಕೆ ಒಪ್ಪಿಕೊಳ್ಳಲೂ ಅವಳಿಗೆ ನಾಚಿಕೆಯಾಗುತ್ತಿತ್ತು.

"ತಾತಾ, ಒಂದು ಕತೆ ಬಿಡಿ," ಎಂದ ಪೈಲ್ವಾನ. ಪಿಸುವಿನ ಜೋಡಿಗಾರ ಅವನೇ. "ದೆವ್ವದ್ದು. ಇಷ್ಟು ಒಳ್ಳೆ ಕತ್ತಲು ದಂಡ ಆಗಬಾರದು."

ಕ್ರೇನ್ ತಾತ ಕುರ್ಚಿಯನ್ನು ದೀಪದ ಹತ್ತಿರಕ್ಕೆ ಎಳೆದುಕೊಂಡರು. ಒಂದು ಕಾಲದಲ್ಲಿ ಇದೇ ತಂಡದಲ್ಲಿ ಎತ್ತುವ ಕೆಲಸ ಅವರದು, ಹೆಸರು ಅಲ್ಲಿಂದ ಬಂದದ್ದು. ಈಗ ಮೇಡಂ ಗಂಡನಾಗಿರುವುದೇ ತಮ್ಮ ಪೂರ್ತಿ ಉದ್ಯೋಗ ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು. ಇವತ್ತು ನಗಲಿಲ್ಲ.

"ದೆವ್ವದ್ದಾ... ಸರಿ. ಆಮೇಲೆ ತಾತ ಹೆದರಿಸಿದ ಅಂತ ಮೇಡಂ ಹತ್ರ ಚಾಡಿ ಹೇಳಬಾರದು ಅಷ್ಟೆ. ನಿಮಗೆಲ್ಲ ಒಂದು ಅಭ್ಯಾಸ ಇದೆಯಲ್ಲ, ಯಾರಾದ್ರೂ ತಡ ಮಾಡಿದ್ರೆ ಅವರ ಜಾಗ ಖಾಲಿ ಬಿಟ್ಟು ಕುಣಿಯೋದು? ಸಾಲು ಕೆಡಬಾರದು, ಬಂದವರು ಸೀದಾ ಬಂದು ನಿಂತ್ಕೋಬೇಕು ಅಂತ? ಅದನ್ನ ರೂಢಿ ಮಾಡಿಸಿದ್ದು ನಮ್ಮ ಕಾಲದ ಕುಣಿತದ ಮೇಷ್ಟ್ರು. ಇದೇ ನಾಟಕ, ಇದೇ ಹಲಗೆ, ಆಗ ನನ್ನ ತಲೆ ತುಂಬ ಕಪ್ಪು ಕೂದಲು... ನಗಬೇಡ್ರೋ, ಇತ್ತು. ಎತ್ತಿಸಿಕೊಳ್ಳೋ ಪಾತ್ರ ಆಗ ಒಬ್ಬಳು ಉದ್ದನೆ ಹುಡುಗೀದು. ಏಣಿ ಅಂತಲೇ ಕರೀತಿದ್ವಿ. ಮೇಕಪ್ ರೂಮಿನ ಬಾಗಿಲಲ್ಲಿ ತಲೆ ತಗ್ಗಿಸದೆ ಅವಳು ಒಳಗೆ ಬಂದದ್ದೇ ಇಲ್ಲ.

"ಎತ್ತೋದಕ್ಕೆ ಒಂದು ಕ್ರಮ ಇದೆ, ಪೈಲ್ವಾನನಿಗೆ ಗೊತ್ತು. ಎತ್ತುವವನು ಮೇಲೆ ನೋಡೋ ಹಾಗಿಲ್ಲ, ಕತ್ತು ಎತ್ತಿದ್ರೆ ಬೆನ್ನು ಹೋಯ್ತು. ಕಣ್ಣು ಸೀದಾ ಪ್ರೇಕ್ಷಕರ ಕಡೆ. ಹಾಗಾಗಿ ಇಳಿಸುವಾಗ ಕಾಲು ನೆಲಕ್ಕೆ ತಾಗಿತು ಅಂತ ಅವಳೇ ತಿಳಿಸಬೇಕು, ಆಗ ನೀನು ಕೈ ಬಿಡಬೇಕು. ಏಣಿ ಬಾಯಿ ಬಿಡ್ತಿರಲಿಲ್ಲ. ನನ್ನ ಮಣಿಕಟ್ಟಿನ ಮೇಲೆ ಬೆರಳಲ್ಲಿ ಟಕ್ ಟಕ್ ಅಂತ ಬಡಿಯೋಳು. ಅದು ನನಗೂ ಅವಳಿಗೂ ಬಿಟ್ರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಯಾರಿಗೆ ಬೇಕಿತ್ತು ಹೇಳಿ?

"ಒಂದು ಬೆಳಿಗ್ಗೆ ಏಣಿ ತಾಲೀಮಿಗೆ ಬರಲಿಲ್ಲ. ಬರ್ತಾಳೆ ಬಿಡ್ರೋ, ಅವಳ ಜಾಗ ಬಿಟ್ಟು ಕುಣೀರಿ ಅಂದ್ರು ಮೇಷ್ಟ್ರು. ಕುಣಿದ್ವಿ. ಅಂಥ ತಾಲೀಮು ಅದಕ್ಕೆ ಮುಂಚೆ ಒಂದಿನವೂ ಆಗಿರಲಿಲ್ಲ ಕಣ್ರಪ್ಪ... ಆ ಕಡೆಯವನು ಕೈ ಚಾಚಿದ, ಈ ಕಡೆಯವಳು ಕೈ ಚಾಚಿದ್ಲು, ನಡುವೆ ಬರೀ ಗಾಳಿ, ಆದ್ರೂ ಯಾರೋ ಗಟ್ಟಿಯಾಗಿ ಹಿಡಿದ ಹಾಗೆ ಇಡೀ ಸಾಲು ಬಿಗಿಯಾಗಿ ತಿರುಗಿತು. ಮುಗಿಸಿ ನೀರು ಕುಡೀತಾ ಇರುವಾಗ ಸುದ್ದಿ ಬಂತು. ತಾಲೀಮಿಗೆ ಅಂತಲೇ ಸೈಕಲ್ ಹತ್ತಿ ಹೊರಟವಳು. ತಿರುವಿನಲ್ಲಿ ಲಾರಿ. ನಾವು ಕುಣಿಯೋಕೆ ನಿಲ್ಲೋ ಮೊದಲೇ ಎಲ್ಲ ಮುಗಿದಿತ್ತು.

"ಈಗ ಹೇಳಿ. ಅವಳು ಹೊರಟಿದ್ದು ಎಲ್ಲಿಗೆ? ಇಲ್ಲಿಗೆ. ಇಲ್ಲಿ ನಾವು ಏನು ಮಾಡ್ತಿದ್ವಿ? ಅವಳಿಗೆ ಜಾಗ ಬಿಟ್ಕೊಂಡು ಕಾಯ್ತಿದ್ವಿ..."

ಮಾಡಿನ ಯಾವುದೋ ಸಂದಿಯಿಂದ ನೀರು ವೇದಿಕೆಯ ಮೂಲೆಗೆ ತೊಟ್ಟಿಕ್ಕುತ್ತಿತ್ತು. ಎದ್ದು ಹೋಗಿ ಅದರ ಕೆಳಗೆ ಬಕೆಟ್ ಇಡಬೇಕೆಂದು ಪಿಸುವಿಗೆ ಅನಿಸಿತು. ಏಳಲಿಲ್ಲ.

"ಬೇರೆ ಯಾರಾಗಿದ್ರೂ ಸಾಲನ್ನ ಹತ್ತಿರ ಮಾಡಿ ಆ ಜಾಗ ಮುಚ್ಚಿಬಿಡೋರು. ಮೇಷ್ಟ್ರು ಮುಚ್ಚಲಿಲ್ಲ. ದೀಪ, ಹಾಡು, ನೆಲದ ಮೇಲಿನ ಬಣ್ಣದ ಗುರುತು, ಎಲ್ಲ ಆ ಜಾಗ ನೆಚ್ಚಿಕೊಂಡು ಕಟ್ಟಿದ್ದು. ಹೊಸ ಹುಡುಗಿ ಸಿಗೋವರೆಗೆ ಹೀಗೇ ಕುಣೀರಿ ಅಂದ್ರು. ಎಷ್ಟೋ ದಿನ ಕುಣಿದ್ವಿ... ದಿನಾ ಆ ಖಾಲಿಗೆ ಕೈ ಚಾಚೋದು, ಆ ಖಾಲಿಯನ್ನ ನೋಡಿ ನಗೋದು. ನಾನಂತೂ ಆ ಖಾಲಿಯ ಸೊಂಟ ಹಿಡಿದು ಎತ್ತಿ ಇಳಿಸೋದು."

"ಖಾಲಿಗೂ ಭಾರ ಇರುತ್ತಾ ತಾತ?" ಎಂದು ಪೈಲ್ವಾನ ಕಿಚಾಯಿಸಿದ.

"ನಿನ್ನ ತಲೆ ಹೊತ್ತುಕೊಂಡು ತಿರುಗ್ತೀಯಲ್ಲ, ನೀನೇ ಹೇಳು."

ಎಲ್ಲರೂ ಬೇಕಾದ್ದಕ್ಕಿಂತ ಜೋರಾಗಿ ನಕ್ಕರು. ನಗು ಮುಗಿಯುವವರೆಗೆ ತಾತ ಕಾದರು.

"ಆಯ್ಕೆಗೆ ಅಂತ ಹುಡುಗಿಯರು ಸಾಲುಗಟ್ಟಿ ಬಂದ್ರು. ಚೆನ್ನಾಗಿಯೇ ಕುಣಿಯೋರು, ಆ ಜಾಗಕ್ಕೆ ನಿಲ್ಲಿಸಿದ್ರೆ ಮಾತ್ರ ಕಾಲಿಗೆ ಕಾಲು ತೊಡರಿಸಿಕೊಂಡು ಬೀಳೋರು. ಕೊನೆಗೆ ಬಂದವಳು ಒಂದು ಚೋಟುದ್ದದ ಹುಡುಗಿ. ಚಿಕ್ಕಮ್ಮನ ಲಾಂಡ್ರಿಯಲ್ಲಿ ಇಸ್ತ್ರಿ ಹಾಕೋಳು, ಎಡಗೈ ಮೇಲೆ ಸುಟ್ಟ ಕಲೆ ಬೇರೆ. ಹೋಗಿ ನಿಂತ್ಲು. ಹಾಡು ಶುರುವಾಯ್ತು. ಯಾರೂ ಹೇಳಿಕೊಡದೆ ತಿರುಗಬೇಕಾದ ಕಡೆ ತಿರುಗಿದ್ಲು, ಕೂರಬೇಕಾದ ಕಡೆ ಕೂತ್ಲು! ಹುಟ್ಟು ಕಲಾವಿದೆ, ಹುಟ್ಟು ಕಲಾವಿದೆ ಅಂತ ಮೇಷ್ಟ್ರಿಗೆ ಕುಣಿದಾಡೋ ಹಾಗಾಯ್ತು. ಅವಳು ಮುಖ ಒರೆಸ್ಕೊಂಡು ನನ್ನ ಹತ್ರ ಬಂದು ಏನಂದ್ಲು ಗೊತ್ತಾ? 'ತಿರುಗಿಸುವಾಗ ಭುಜ ಅಷ್ಟು ಬಿಗಿಯಾಗಿ ಹಿಡೀಬೇಡಿ, ನೋಯುತ್ತೆ.' ನಾನು ವೇದಿಕೆಯ ಆ ತುದಿಯಲ್ಲಿದ್ದೆ.

"ಅಲ್ಲಿಂದ ಶುರು. ಯಾರೇ ಅವಳ ಕಡೆ ಕೈ ಚಾಚಿದ್ರೂ ಕೈ ಒಂದು ಗೇಣು ಮೇಲೆ ಹೋಗೋದು. ಯಾರೇ ಅವಳನ್ನ ನೋಡಿ ನಕ್ರೂ ನೋಟ ಅವಳ ತಲೆ ದಾಟಿ ಹೋಗೋದು. ಕಣ್ಣು ಕೆಳಗೆ, ಕಣ್ಣು ಕೆಳಗೆ ಅಂತ ಮೇಷ್ಟ್ರು ಕೂಗಿ ಕೂಗಿ ಗಂಟಲು ಕಟ್ಟಿಕೊಂಡ್ರು. ನಮ್ಮ ಕೈಯಲ್ಲಿ ಆಗ್ತಿರಲಿಲ್ಲ. ಇನ್ನು ಎತ್ತೋದು... ಆ ಹುಡುಗಿ ಇದ್ದದ್ದೇ ಒಂದು ಹಿಡಿ. ಎತ್ತಿದ್ರೆ ನೆನೆದ ಮರಳಿನ ಮೂಟೆ. ಇವತ್ತಿಗಿಂತ ನಾಳೆ ಭಾರ, ನಾಳೆಗಿಂತ ನಾಡಿದ್ದು. ನನ್ನ ಮಂಡಿ ನಡುಗೋದನ್ನ ಮೇಷ್ಟ್ರು ನೋಡಿದ್ರು. ನೋಡಿ ಯಾರನ್ನ ಬೈದ್ರು ಅಂತೀರಿ? ಅವಳನ್ನ. ಮೈ ಇಳಿಸು, ಇಲ್ಲಾಂದ್ರೆ ಬೇರೆಯವಳು ಬರ್ತಾಳೆ ಅಂದುಬಿಟ್ರು.

"ಆ ಮಾತು ಕೇಳಿ ಹುಡುಗಿ ಊಟ ಬಿಟ್ಲು. ಈ ಪಾತ್ರ ಹೋದ್ರೆ ಮತ್ತೆ ಆ ಇಸ್ತ್ರಿ ಪೆಟ್ಟಿಗೆ, ಆ ಕೆಂಡ, ಆ ಚಿಕ್ಕಮ್ಮನ ಬಾಯಿ. ಕೆನ್ನೆ ಗುಳಿ ಬಿತ್ತು, ಕುಪ್ಪಸ ಜೋತು ಬಿತ್ತು, ದರ್ಜಿ ದಿನಾ ಹೊಲಿಗೆ ಒಳಗೆ ತಗೊಳ್ಳೋನು. ಅವಳು ಸೊರಗಿದಷ್ಟೂ ನನ್ನ ಕೈಗೆ ಭಾರ ಜಾಸ್ತಿ. ಒಂದು ದಿನ ಸಂಶಯ ಬಂದು ಹೊರಗೆ ಟಿಕೆಟ್ ಕಿಟಕಿ ಹತ್ರ ನಿಲ್ಲಿಸಿ ಎತ್ತಿ ನೋಡಿದೆ. ಹತ್ತಿ! ಮಗುವನ್ನ ಎತ್ತಿದ ಹಾಗೆ ಬಂದ್ಲು. ಒಳಗೆ ಕರ್ಕೊಂಡು ಬಂದು ಆ ಜಾಗದಲ್ಲಿ ಎತ್ತಿದೆ... ಕಣ್ಣು ಕತ್ತಲೆ ಬಂತು. ಭಾರ ಹುಡುಗೀದಲ್ಲ ಅಂತ ಆಗ ಗೊತ್ತಾಯ್ತು.

"ಮೇಷ್ಟ್ರ ಹತ್ರ ಓಡಿದೆ. ಸಾಲನ್ನ ಸ್ವಲ್ಪ ಸರಿಸಿ, ಆ ಜಾಗ ಬಿಟ್ಟುಬಿಡೋಣ ಅಂದೆ. 'ಕೈಲಾಗಲ್ಲ ಅಂತ ಬಾಯಿಬಿಟ್ಟು ಹೇಳು, ಕತೆ ಕಟ್ಟಬೇಡ' ಅಂದ್ರು. ಹುಡುಗಿಗೂ ಹೇಳಿದೆ. ಅವಳು ನನ್ನ ಕೈ ಹಿಡ್ಕೊಂಡು ಏನಂದ್ಲು... 'ನನಗೂ ಗೊತ್ತು ರೀ. ಪಕ್ಕದಲ್ಲಿ ಯಾರೋ ಉಸಿರಾಡ್ತಾರೆ. ಜಾಗ ಬದಲಾಯಿಸಿ ಅಂತ ಹೋದ್ರೆ ನನ್ನನ್ನೇ ಬದಲಾಯಿಸ್ತಾರೆ. ಹೇಗಾದ್ರೂ ಎತ್ತಿಬಿಡಿ, ನಿಮ್ಮ ದಮ್ಮಯ್ಯ. ನಾನು ಇಳಿದ ತಕ್ಷಣ ಇಳಿದೆ ಅಂತ ಹೇಳ್ತೀನಿ, ಆಮೇಲೆ ಕೈ ಬಿಡಿ.' ದಿನಾ ಹಾಗೇ ಹೇಳೋಳು, ಕಾಲು ತಾಗಿದ ಕೂಡಲೇ, ಸಣ್ಣ ದನಿಯಲ್ಲಿ, ಇಳಿದೆ ಅಂತ.

"ಮೊದಲ ಪ್ರದರ್ಶನ, ಮಧ್ಯಾಹ್ನದ ಆಟ. ಒಂದು ಕುರ್ಚಿಯೂ ಖಾಲಿ ಇಲ್ಲ. ಹಡಗು ಅಂತ ಕೂಗು ಬಂತು, ನಾನು ಸೊಂಟ ಹಿಡಿದೆ, ಎತ್ತಿದೆ. ಇಬ್ಬರ ಭಾರ... ಸುಳ್ಳಲ್ಲ, ನನ್ನ ಹಲ್ಲು ಹಲ್ಲಿಗೆ ಕಚ್ಚಿಕೊಂಡಿತ್ತು. ತೋಳು ನೆಟ್ಟಗಾದ ಕೂಡಲೇ ಮೇಲೆ ಏನೋ ಶುರುವಾಯ್ತು. ಇಕ್ಕಟ್ಟು ಮೆಟ್ಟಿಲಲ್ಲಿ ಹತ್ತುವವಳೂ ಇಳಿಯುವವಳೂ ಎದುರಾದಾಗ ಒಬ್ಬರನ್ನೊಬ್ಬರು ತಳ್ಳಿಕೊಂಡು ದಾಟ್ತಾರಲ್ಲ, ಹಾಗೆ. ಹಿಮ್ಮಡಿ ನನ್ನ ಎದೆಗೆ ಒದೀತು, ಉಗುರು ಕೈಗೆ ಗೀರಿತು. ಮೇಲೆ ನೋಡೋ ಹಾಗಿಲ್ಲ! ಎದುರಿಗೆ ಸಾವಿರ ಮುಖ, ಎಲ್ಲ ಬಾಯಿ ತೆರೆದು ನೋಡ್ತಿದ್ದಾರೆ, ಅವರಿಗೆ ಕಂಡದ್ದು ಒಬ್ಬಳು ಹುಡುಗಿ ತೋಳು ಚಾಚಿ ತೂಗಾಡೋದು ಅಷ್ಟೆ. ಇದ್ದಕ್ಕಿದ್ದಂತೆ ಅರ್ಧ ಭಾರ ಹೋಯ್ತು. ಇಳಿಸಿದೆ. ಕಾಲು ಹಲಗೆಗೆ ತಾಗಿದ್ದು ಕೇಳಿಸ್ತು. ಇಳಿದೆ ಅನ್ನಲಿ ಅಂತ ಕಾದೆ. ಅನ್ನಲಿಲ್ಲ...

"ಮಣಿಕಟ್ಟಿನ ಮೇಲೆ ಟಕ್ ಟಕ್ ಅಂತ ಬಡಿದ್ಲು."

ಪೈಲ್ವಾನ ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡದ್ದು ಪಿಸುವಿಗೆ ಕಂಡಿತು.

"ಆಮೇಲೆ... ಆ ಹುಡುಗಿ ಏನಾದ್ಲು?" ಅವನೇ ಕೇಳಿದ.

"ಏನಾಗೋದು? ದೊಡ್ಡ ಹೆಸರು ಮಾಡಿದ್ಲು. ಮದುವೆ ಆದ್ಲು. ನನ್ನನ್ನೇ."

ಒಬ್ಬಿಬ್ಬರು ನಗಲು ಬಾಯಿ ತೆರೆದು ಹಾಗೇ ಮುಚ್ಚಿದರು.

"ಮೈ ಆ ಹುಡುಗೀದೇ. ಕೈ ಮೇಲಿನ ಸುಟ್ಟ ಕಲೆ ಇವತ್ತಿಗೂ ಇದೆ, ನೀವೂ ನೋಡಿರ್ತೀರಿ. ಆದ್ರೆ ನಮ್ಮ ಮನೆಯಲ್ಲಿ ಇಸ್ತ್ರಿ ಹಾಕೋದು ನಾನು. ಅವಳ ಕೈಗೆ ಕೊಟ್ರೆ ಕಾಲರ್ ಸುಟ್ಟು ಇಡ್ತಾಳೆ. ಮೇಲಿನ ಕಪಾಟಿಗೆ ಕೈ ಚಾಚ್ತಾಳೆ, ಎಟುಕೋದಿಲ್ಲ, ಕೈಯನ್ನೇ ಒಂದು ಸಲ ತಿರುಗಿಸಿ ನೋಡ್ಕೋತಾಳೆ, ಇದ್ಯಾಕೆ ಗಿಡ್ಡ ಆಯ್ತು ಅನ್ನೋ ಹಾಗೆ. ಆ ಮೇಕಪ್ ರೂಮಿನ ಬಾಗಿಲು ಅವಳ ತಲೆಗಿಂತ ಎಷ್ಟು ಎತ್ತರ ಇದೆ? ಒಳಗೆ ಹೋಗುವಾಗ ಅವಳು ಏನು ಮಾಡ್ತಾಳೆ... ಹೇಳಿ, ದಿನಾ ನೋಡ್ತೀರಲ್ಲ?"

ಮೇಡಂ ತಲೆ ತಗ್ಗಿಸುತ್ತಾರೆ. ಪಿಸು ದಿನವೂ ನೋಡಿದ್ದಳು. ದೊಡ್ಡವರ ಗತ್ತು ಇರಬೇಕು ಅಂದುಕೊಂಡಿದ್ದಳು.

"ಹಾಗಾದ್ರೆ ಇನ್ನೊಬ್ಬಳು?"

ಎಲ್ಲರೂ ಹಿಂದೆ ತಿರುಗಿದರು. ಕೇಳಿದ್ದು ತಾನೇ ಎಂದು ಪಿಸುವಿಗೆ ಗೊತ್ತಾಗಲು ಒಂದು ಕ್ಷಣ ಬೇಕಾಯಿತು.

"ಅವಳು ಕೆಳಗೆ ಬರಲೇ ಇಲ್ಲವಲ್ಲಮ್ಮ," ಎಂದರು ತಾತ, ಮೆಲ್ಲಗೆ. "ಮತ್ತೊಂದು ಸಲ ಎತ್ತಿ ಇಳಿಸಬಹುದಿತ್ತಲ್ಲ ಅಂತೀಯಾ? ಎತ್ತಿ, ಇವಳು ಮೇಲೇ ಉಳಿದು ಅವಳು ಇಳಿದು ಬಂದ್ರೆ? ಇಷ್ಟು ಕಾಲ ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದವಳು ಇವಳು. ಯಾರಾದ್ರೇನು... ನನ್ನವಳು. ಅವತ್ತೇ ಬೆನ್ನು ನೋವು ಅಂತ ಎತ್ತೋದನ್ನ ಬಿಟ್ಟಿದ್ದೆ, ನಾಟಕವೂ ಅಲ್ಲಿಗೇ ನಿಂತಿತ್ತು. ಅದಕ್ಕೇ ಇದನ್ನ ಮತ್ತೆ ಆಡೋದು ಬೇಡ ಅಂತ ತಡೀತಾ ಬಂದೆ. ಈ ಸಲ ಕೇಳಲಿಲ್ಲ. ಯಾಕೇ ಇಷ್ಟು ಹಟ ಅಂದೆ. ಮೊನ್ನೆ ಊಟಕ್ಕೆ ಕೂತಾಗ ತಣ್ಣಗೆ ಹೇಳಿದ್ಲು. 'ಪಾಪ ಆ ಇಸ್ತ್ರಿ ಹುಡುಗಿ ಇನ್ನೂ ಎಷ್ಟು ದಿನ ಮೇಲೇ ಇರಬೇಕು? ಅವಳಿಗೂ ಒಂದು ಮೈ ಬೇಡ್ವಾ? ಬಾಯಿಲ್ಲದ ಹುಡುಗಿ ಒಬ್ಬಳನ್ನ ಆರಿಸಿದ್ದೀನಿ.'"

ಹಿತ್ತಲಲ್ಲಿ ಜನರೇಟರ್ ಕೆಮ್ಮಿತು, ಕೆಮ್ಮಿ ಹಿಡಿದುಕೊಂಡಿತು. ದೀಪಗಳು ಒಂದೊಂದಾಗಿ ಹತ್ತಿದವು. "ಜಾಗಕ್ಕೆ ನಿಲ್ಲಿ!" ಮೇಡಂ ದನಿ ಹಿಂದಿನ ಬಾಗಿಲಿಂದ ಬಂತು. "ಎತ್ತೋ ದೃಶ್ಯ!" ದೀಪದ ಸುತ್ತ ಕೂತಿದ್ದವರು ತಮ್ಮ ಕಾಲುಗಳು ತಾವೇ ನಡೆದಂತೆ ಎದ್ದು ಹೋಗಿ ನಿಂತರು. ನೋಡನೋಡುತ್ತಿದ್ದಂತೆ ಸಾಲು ಕಟ್ಟಿತು, ನಡುವೆ ಒಬ್ಬಳಿಗೆ ಜಾಗ ಬಿಟ್ಟು.

ಹೊರಗೆ ಹೋಗುವ ಬಾಗಿಲು ಪಿಸುವಿನ ಪಕ್ಕದಲ್ಲೇ ಇತ್ತು. ಅವಳು ಅದನ್ನು ನೋಡಿದಳು. ಆಮೇಲೆ ಆ ಜಾಗವನ್ನು ನೋಡಿದಳು. ಅಷ್ಟು ಬೆಳಕು ಅವಳ ಜೀವಮಾನದಲ್ಲಿ ಯಾರೂ ಅವಳಿಗಾಗಿ ಹಾಕಿರಲಿಲ್ಲ. ಒಂದು ಹೆಜ್ಜೆ ಇಟ್ಟಳು. ಕುರ್ಚಿಯಿಂದ ತಾತ ಅವಳ ಕೈ ಹಿಡಿದು ನಿಲ್ಲಿಸಿದರು.

"ಮಾತಾಡಮ್ಮ. ಅಲ್ಲಿಗೆ ಹೋಗೋ ಮೊದಲು ಇವರೆಲ್ಲರ ಹತ್ರ ಏನಾದ್ರೂ ಒಂದು ಮಾತಾಡು... ಗಟ್ಟಿಯಾಗಿ. ಇಳಿದು ಬಂದವಳು ನೀನಲ್ಲ ಅಂತ ಒಬ್ಬರಿಗಾದ್ರೂ ಗೊತ್ತಾಗಬೇಕಲ್ಲ."